ತಟ್ಟೆಯಲ್ಲಿ ಉಳಿದದ್ದು

ಗೋಥೆನ್‌ಬರ್ಗ್ ಎಂದಿದೆ ನಿಮ್ಮ ನಕ್ಷೆಯಲ್ಲಿ.
ಇಲ್ಲಿಯವರ ಬಾಯಲ್ಲಿ ಅದು ಯೋತೆಬೊರಿ.
ನಾಲಗೆ ಹೊರಳದಿದ್ದರೆ ಚಿಂತೆಯಿಲ್ಲ,
ನನಗೂ ಎರಡು ಚಳಿಗಾಲ ಹಿಡಿಯಿತು.
ಎದೆಯ ಪಟ್ಟಿಯಲ್ಲಿ ಲೆತೆಬ್ರಹಾನ್ ಎಂದಿದೆಯಲ್ಲ,
ಲೆತಾಯ್ ಅಂದರೆ ಸಾಕು. ಎರಿಟ್ರಿಯಾದ ಕೆರೆನ್ ಪಟ್ಟಣದವಳು.

ಬನ್ನಿ. ಒದ್ದೆ ಕೊಡೆ ಅಲ್ಲಿ, ಬಕೀಟಿನಲ್ಲಿ.
ಹೊರಗೆ ಕೂರುವುದಾದರೆ ಕುರ್ಚಿಯ ಬೆನ್ನಿಗೆ ಕಂಬಳಿಯಿದೆ.
ಹನ್ನೊಂದು ನಿಮಿಷ ಬಿಸಿಲು ಬಂದರೂ ಇಲ್ಲಿಯವರು
ಹೊರಗೇ ಕೂರುತ್ತಾರೆ, ಗೋಡೆಗೊರಗಿ,
ಕಣ್ಣು ಮುಚ್ಚಿ, ಮುಖ ಎತ್ತಿ.

ಊಟಕ್ಕಾದರೆ ಹನ್ನೊಂದೂವರೆಗೇ ಬರಬೇಕಿತ್ತು.
ಒಂದು ದಾಟಿತೋ, ತಳ ಕೆರೆಯುವುದೇ.
ಇವತ್ತು ಹಳದಿ ಬಟಾಣಿಯ ಗಟ್ಟಿ ಸೂಪು, ಅಂಚಿಗೆ ಸಾಸಿವೆ,
ಆಮೇಲೆ ತೆಳ್ಳನೆಯ ಪ್ಯಾನ್‌ಕೇಕು, ಜಾಮು.
ಯಾಕೆಂದು ಕೇಳಬೇಡಿ. ಗುರುವಾರ.
ಬ್ರೆಡ್ಡು, ಬೆಣ್ಣೆ, ಎಲೆಕೋಸು, ಕಾಫಿ ಎಲ್ಲ ಅದರಲ್ಲೇ ಬಂತು.
ನೋಟು ಒಳಗಿಡಿ;
ಮಡಿಯುಟ್ಟವರ ಹಾಗೆ ನೋಟು ಕಂಡರೆ ಸರಿದು ನಿಲ್ಲುವ ಊರು ಇದು.

ಕಾಫಿಯದೊಂದು ಮಾತ್ರ ಹೇಳಿಕೊಡಬೇಕು.
ಫೀಕಾ ಅಂದರೆ ಕಾಫಿಯಲ್ಲ,
ಕಾಫಿಯ ನೆಪದಲ್ಲಿ ಕೂರುವುದು.
ಮೊದಲ ಕಪ್ಪಿಗೆ ದುಡ್ಡು.
ಎರಡನೆಯದಕ್ಕೆ ಹೆಸರಿದೆ, ಪೋತೋರ್,
ಫ್ಲಾಸ್ಕು ಅಲ್ಲಿದೆ, ನೀವೇ ಬಗ್ಗಿಸಿಕೊಳ್ಳಿ.
ಮೂರನೆಯದಕ್ಕೂ ಇದೆ, ತ್ರೇತೋರ್.
ತೋರ್ ಅಂದರೆ ಹನಿ.
ತೋರ್ ಅಂದರೆ ಕಣ್ಣೀರೂ.
ಯಾವುದು ಯಾವಾಗ ಎಂದು
ಅಕ್ಕಪಕ್ಕದ ಮಾತು ನೋಡಿ ತಿಳಿಯಬೇಕು.

ಅಗೋ, ಕಿಟಕಿಯ ಮೇಜಿನಲ್ಲಿ ಸಿಕ್ಸ್ತೆನ್.
ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಬೆಸುಗೆ,
ಅದು ಮುಚ್ಚಿದ ಮೇಲೆ ಒಂದು ಶಾಲೆಯ ಬೀಗದಕೈ.
ಟ್ರಾಮಿನಲ್ಲಿ ಯಾರದಾದರೂ ಪಕ್ಕ ಕೂರುವ ಬದಲು
ಕಂಬಿ ಹಿಡಿದು ನಿಂತೇ ಬರುವವನು.
ಆರು ವರ್ಷದಲ್ಲಿ ನನ್ನೊಡನೆ ಆಡಿದ್ದು ನಮಸ್ಕಾರ, ಧನ್ಯವಾದ,
ಒಂದೇ ಒಂದು ಸಲ, "ಪುಡಿ ಬದಲಾಯಿತೇ?"
ಬದಲಾಗಿತ್ತು.

ಹೋದ ಮಾರ್ಚಿನಲ್ಲಿ ಪೈಪು ಒಡೆದು ನಾಲ್ಕು ದಿನ ಅಂಗಡಿ ಮುಚ್ಚಿತು.
ಚೀಟಿ ಅಂಟಿಸಲು ಬಂದರೆ ಬಾಗಿಲ ಮುಂದೆ ಇವನು,
ಓದಿದ್ದನ್ನೇ ಓದುತ್ತ.
ನನ್ನ ಮನೆ ಮೇಲೆಯೇ, ಬನ್ನಿ, ಅಂದೆ.
ತೊಂದರೆಯಾಗದಿದ್ದರೆ, ಅಂದ. ಮೆಟ್ಟಿಲಲ್ಲಿ ಇನ್ನೊಮ್ಮೆ ಅಂದ.
ಬೂಟು ಕಳಚಿ ಜೋಡಿಸಿಟ್ಟು ಒಳಬಂದ.

ಹಸಿ ಬೀಜ ಕಬ್ಬಿಣದ ಬಾಣಲೆಗೆ ಹಾಕಿ ಹುರಿದೆ.
ಹೊಗೆಯನ್ನು ಅವನ ಮೂಗಿನತ್ತ ಬೀಸಿದೆ, ನಮ್ಮ ಪದ್ಧತಿ.
ಛಾವಣಿಯ ಅಲಾರಂ ಕಿರುಚಿಕೊಂಡಿತು.
ಎಂಬತ್ತನಾಲ್ಕರ ಮುದುಕ ಸ್ಟೂಲು ಹತ್ತಿ
ಅದರ ಬ್ಯಾಟರಿ ಕಿತ್ತು ನನ್ನ ಕೈಗಿಟ್ಟು
ಏನೂ ಆಗದವನಂತೆ ಕೂತ.

ಮಣ್ಣಿನ ಹೂಜಿಯಿಂದ ಮೊದಲ ಬಟ್ಟಲು. ಕುಡಿದ, ಎದ್ದ.
ಕೂತುಕೊಳ್ಳಿ, ಅಂದೆ.
ನಮ್ಮಲ್ಲೂ ಎರಡನೆಯದಕ್ಕೆ ಹೆಸರಿದೆ, ಕಾಲಾಯ್.
ಮೂರನೆಯದು ಬೆರೆಕಾ, ಹರಕೆ ಅಂತ,
ಅದಕ್ಕೆ ಮೊದಲು ಎದ್ದವರು ಬಂದ ಹಾಗಲ್ಲ.
ಬೆರಳು ಮಡಿಸಿದ:
ಪೋತೋರ್. ತ್ರೇತೋರ್.
ಮಡಿಸಿದ ಬೆರಳು ಬಿಡಿಸಲು ಮರೆತ.

ರೊಟ್ಟಿ ಮುರಿದು "ಏಲಕ್ಕಿ" ಅಂದ,
ಹಳೆಯ ಪರಿಚಯದವರನ್ನು ಬೀದಿಯಲ್ಲಿ ಕಂಡವನಂತೆ.
ಇವರ ಬನ್ನಿನಲ್ಲೂ ಅದೇ ತಾನೆ.

ಕೊನೆಗೊಂದು ತುಂಡು ಉಳಿಯಿತು.
ಕೊನೆಯದನ್ನು ಎತ್ತಿಕೊಳ್ಳುವುದು ಅವನ ಊರಿನಲ್ಲಿ ನಾಚಿಕೆ.
ಅತಿಥಿಗೆ ಬಿಡದೆ ತಿನ್ನುವುದು ನನ್ನೂರಿನಲ್ಲಿ.
ಅವನು ಚಾಕು ತೆಗೆದು ಅರ್ಧ ಮಾಡಿದ, ಅರ್ಧ ತಿಂದ.
ಉಳಿದದ್ದರಲ್ಲಿ ನಾನು ಅರ್ಧ.
ಅದರಲ್ಲಿ ಅವನು ಅರ್ಧ.
ಹೊರಗೆ ಕತ್ತಲಾಗಿತ್ತು,
ತಟ್ಟೆಯಲ್ಲಿ ಉಗುರಿನಷ್ಟು ಇನ್ನೂ ಇತ್ತು.

ಇದೆಲ್ಲ ಯಾಕೆ ಹೇಳಿದೆ?
ನಾಲ್ವರು ನೀವು, ಐದು ಬನ್ನು ತಂದಿಟ್ಟಿದ್ದೆ,
ಆಗಿನಿಂದ ನೋಡುತ್ತಿದ್ದೇನೆ, ಯಾರೂ ಕೈಹಾಕುತ್ತಿಲ್ಲ.
ಇರಿ,
ಚಾಕು ತರುತ್ತೇನೆ.